ಋಣ ಚಿಹ್ನೆ

ಐದು ವರ್ಷದ ಓದು. ಎರಡು ಕಟ್ಟಡ. ನಡುವೆ ಬಾತುಗಳ ಕೊಳ.
ಬೆಳಿಗ್ಗೆ ಒಂಬತ್ತಕ್ಕೆ ಭೌತಶಾಸ್ತ್ರ:
ಘರ್ಷಣೆ ಇಲ್ಲ ಅಂದುಕೊಳ್ಳಿ, ಅನ್ನುತ್ತಾರೆ.
ಅಂದುಕೊಳ್ಳುತ್ತೇನೆ.
ಕೊಳ ದಾಟಿದರೆ ಎಂಜಿನಿಯರಿಂಗ್:
ಘರ್ಷಣೆ ಇಲ್ಲದಿದ್ದರೆ ಒಂದು ಬೋಲ್ಟೂ ನಿಲ್ಲುವುದಿಲ್ಲ, ಅನ್ನುತ್ತಾರೆ.
ಅದನ್ನೂ ಅಂದುಕೊಳ್ಳುತ್ತೇನೆ.
ನಡುವೆ ಹತ್ತು ನಿಮಿಷ, ಒಂದು ಬಾಳೆಹಣ್ಣು,
ನನ್ನ ಶೂ ಲೇಸಿಗೆ ಬಾಯಿ ಹಾಕುವ ಒಂದು ಬಾತು.

ಎರಡು ದೋಣಿಯಲ್ಲಿ ಕಾಲಿಟ್ಟವಳು, ಅಂದಳು ಅಮ್ಮ,
ವೊಲಾಂಗಾಂಗ್ ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ ಬಂದು
ಫ್ರಿಜ್ಜಿಗೆ ಅಂಟಿಸಿದ ನನ್ನ ಟೈಂಟೇಬಲ್ ಓದುತ್ತಾ.
ಎರಡೂ ದೋಣಿ ಸೇರಿಸಿ ಕಟ್ಟಿಬಿಟ್ಟರೆ, ಅಂದೆ,
ಮಗುಚುವುದೇ ಕಷ್ಟ. ಅಗಲ ಹೆಚ್ಚಿದಷ್ಟೂ ಭದ್ರ.
ಹಗ್ಗ ಯಾರು ತರುತ್ತಾರೆ, ಅಂದವಳೇ ಮಲಗಲು ಹೋದಳು.

ಊಹೆಯ ಸಂಖ್ಯೆಗೂ ಇಲ್ಲಿ ಎರಡು ಹೆಸರು,
ಬೆಳಿಗ್ಗೆ ಐ, ಮಧ್ಯಾಹ್ನ ಜೆ.
ನಾನೂ ಹಾಗೇ: ಮನೆಯಲ್ಲಿ ವಾರಿಜಾ, ಲ್ಯಾಬಿನಲ್ಲಿ ವಾಜ್.
ವರ್ಗ ಮಾಡಿದರೆ ಎರಡೂ ಋಣ ಒಂದೇ.

ಥರ್ಮೋಡೈನಮಿಕ್ಸ್ ಎರಡು ಕಡೆಯೂ ಓದಬೇಕು.
ಅದೇ ಹಬೆ, ಅದೇ ಪಿಸ್ಟನ್, ನಿಧಾನ ತಣಿಯುವ ಅದೇ ಜಗತ್ತು.
ಹಬೆ ಪಿಸ್ಟನ್ನನ್ನು ತಳ್ಳಿತೆನ್ನಿ,
ಆ ಕೆಲಸ ಕೊಳದ ಆಚೆ ಧನ, ಈಚೆ ಋಣ.
ಯಾರೂ ಸುಳ್ಳು ಹೇಳುತ್ತಿಲ್ಲ.
ಇವರು ಹಬೆಯ ಪರವಾಗಿ ಲೆಕ್ಕ ಬರೆಯುತ್ತಾರೆ,
ಅವರು ಹಬೆಯಿಂದ ದುಡಿಸಿಕೊಳ್ಳುವವನ ಪರವಾಗಿ.
ಮೂರನೇ ಮಹಡಿಯ ಕಿಟಕಿಯಿಂದ ಪೋರ್ಟ್ ಕೆಂಬ್ಲಾ ಕಾಣುತ್ತದೆ,
ಉಕ್ಕಿನ ಕಾರ್ಖಾನೆಯ ಬಿಳಿ ಹಬೆ,
ಯಾರ ಪರವೂ ಇಲ್ಲದೆ ಸಮುದ್ರದ ಕಡೆಗೆ.
ಒಂದರಲ್ಲಿ ಪಾಸಾದೆ, ಇನ್ನೊಂದರಲ್ಲಿ ನಪಾಸು.
ಒಂದೇ ವಾರ, ಒಂದೇ ಪೆನ್ನು,
ಒಂದು ಅಡ್ಡಗೆರೆಯ ಹೆಚ್ಚುಕಮ್ಮಿ.
ಸರ್ಕಾರದ ಸಾಲದ ಪತ್ರದಲ್ಲಿ ಮಾತ್ರ
ಋಣಕ್ಕೆ ಒಂದೇ ಅರ್ಥ.

ಟ್ರಾಯ್ಚೆ ನನ್ನ ಲ್ಯಾಬ್ ಜೊತೆಗಾರ.
ಅವನಜ್ಜ ಬಿಟೊಲಾ ಎಂಬ ಊರಿನಿಂದ ಹಡಗು ಹತ್ತಿ ಬಂದು
ಆ ಹಬೆಯ ಕೆಳಗೆ ಮೂವತ್ತೊಂದು ವರ್ಷ ದುಡಿದವನು,
ಬಲಗೈಯ ಎರಡು ಬೆರಳು ಅಲ್ಲೇ ಬಿಟ್ಟವನು.
ನಮ್ಮ ಕಾಂಕ್ರೀಟ್ ಬೀಮಿಗೆ ಅಚ್ಚು ಅವನೇ ಮಾಡಿಕೊಟ್ಟ,
ಗ್ಯಾರೇಜಿನಲ್ಲಿ, ಟೇಪು ಮುಟ್ಟದೆ,
ಹೆಬ್ಬೆರಳಿನಿಂದ ನಡುಬೆರಳಿಗೆ, ಅಲ್ಲಿಗೇ ಮುಗಿಯುವ ಗೇಣಿನಲ್ಲಿ.
ಅವನ ಗೇಣು ಗಿಡ್ಡ.
ಆದರೆ ಪ್ರತಿ ಸಲವೂ ಅಷ್ಟೇ ಗಿಡ್ಡ.
ಒಳ್ಳೆಯ ಉಪಕರಣ ಅಂದರೆ ಏನೆಂದು
ಒಂಬತ್ತರ ತರಗತಿಯಲ್ಲಿ ಒಂದು ವಾರ ಹೇಳಿದ್ದರು.

ಇಪ್ಪತ್ತೆಂಟು ದಿನ ಒದ್ದೆ ಗೋಣಿಯಲ್ಲಿ ಮಲಗಿಸಿದೆವು.
ನಲವತ್ತೆರಡು ಕಿಲೋನ್ಯೂಟನ್ ಹೊರಬೇಕು, ನಮ್ಮ ಲೆಕ್ಕ.
ನಲವತ್ತೆರಡು ಹೊತ್ತಿತು.
ಐವತ್ತಕ್ಕೆ ಹೊಟ್ಟೆಯ ಕೆಳಗೆ ಕೂದಲೆಳೆಯ ಬಿರುಕು,
ಟ್ರಾಯ್ಚೆ ಮಾರ್ಕರಿನಲ್ಲಿ ಅದರ ಹಿಂದೆಯೇ ಗೆರೆ ಎಳೆದ.
ಐವತ್ತೈದು. ಐವತ್ತೆಂಟು. ಯಾರೂ ಮಾತಾಡಲಿಲ್ಲ.
ಅರವತ್ತೊಂದಕ್ಕೆ ಮುರಿಯಿತು,
ಸದ್ದು ಎದೆಗೆ ಮೊದಲು, ಕಿವಿಗೆ ಆಮೇಲೆ.
ಲ್ಯಾಬಿನ ಡಾರೆಲ್ ಯಂತ್ರ ಆರಿಸಿ ಹೇಳಿದ:
ಹಿಗ್ಗಬೇಡಿ. ಅದು ನಿಮ್ಮ ಜಾಣತನವಲ್ಲ.
ಗೊತ್ತಿಲ್ಲದ್ದಕ್ಕೆಂದು ಪಾಲು ಎತ್ತಿಟ್ಟಿದ್ದಿರಿ,
ಅದರಲ್ಲಿ ಬಹಳಷ್ಟನ್ನು ತಿಂದಿತು, ಅಷ್ಟೆ.

ಮುರಿದ ಅರ್ಧವನ್ನು ಅಜ್ಜ ಕಾರಿನ ಡಿಕ್ಕಿಯಲ್ಲಿ ಒಯ್ದ,
ಮೆಣಸಿನ ಗಿಡದ ಮಡಿಗೆ ಅಂಚು ಬೇಕಿತ್ತಂತೆ.

ವರದಿಯಲ್ಲಿ ಉಳಿದ ಹತ್ತೊಂಬತ್ತಕ್ಕೆ ಒಂದು ಸಾಲು ಬೇಕು.
ಸುರಕ್ಷತೆಯ ಅಂಶ, ಎಂದು ಬರೆದ ಟ್ರಾಯ್ಚೆ. ಸರಿಯೇ.
ನಾನು ಅದರ ಕೆಳಗೆ ಪೆನ್ಸಿಲಿನಲ್ಲಿ:
ಅಲ್ಲಿಯವರೆಗೆ ಇದು ಎಲ್ಲಿತ್ತು?

ಅರ್ಧ ಅಂಕ ಕಳೆದರು.
ಪ್ರಶ್ನೆಯನ್ನು ಹೊಡೆದುಹಾಕಲಿಲ್ಲ.